ಶಸ್ತ್ರಚಿಕಿತ್ಸೆಗೆ ಕೊಟ್ಟೆವು, ವ್ಯಾಯಾಮಕ್ಕೆ ಕೊಡಲಿಲ್ಲ



ನಮ್ಮ ವೈದ್ಯಕೀಯ ನೆರವು ನಿಧಿಯ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನಿವೃತ್ತಿಯ ನಂತರ ನನ್ನ ಪಾಲಿಗೆ ಬಂತು. ಬ್ಯಾಂಕಿನಲ್ಲಿ ಸಾಲದ ಕಾಗದ ನೋಡಿ ಅಭ್ಯಾಸವಾದವನು ನಾನು. ಆಸ್ಪತ್ರೆಯ ಎಸ್ಟಿಮೇಟ್ ಇಲ್ಲದ ಅರ್ಜಿಯನ್ನು ಮುಂದಕ್ಕೆ ಕಳುಹಿಸುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಕುರ್ಲಾ ಪಶ್ಚಿಮದ ಚಾಳೊಂದರಿಂದ ಒಂದು ಅರ್ಜಿ ಬಂತು. ತಂದೆಗೆ ಹೋಟೆಲಿನಲ್ಲಿ ಕೆಲಸ, ತಾಯಿ ಮನೆಗೆಲಸಕ್ಕೆ ಹೋಗುವವರು. ಒಂದೂವರೆ ವರ್ಷದ ಮಗು ಇನ್ನೂ ಕೂರುತ್ತಿರಲಿಲ್ಲ. ಸೆರೆಬ್ರಲ್ ಪಾಲ್ಸಿ ಎಂದು ವೈದ್ಯರು ಬರೆದಿದ್ದರು. ಅವರು ಕೇಳಿದ್ದು ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಹೋಗಿಬರುವ ಖರ್ಚು. ‘ಬಿಲ್ ಇಲ್ಲ, ಶಸ್ತ್ರಚಿಕಿತ್ಸೆ ಅಲ್ಲ’ ಎಂದು ಷರಾ ಬರೆದು ಹಿಂತಿರುಗಿಸಿದೆ.

ನಾಲ್ಕು ವರ್ಷಗಳ ಬಳಿಕ ಅದೇ ಮಗುವಿನ ಅರ್ಜಿ ಮತ್ತೆ ಬಂತು. ಬಿಗಿದುಕೊಂಡ ಕಾಲಿನ ಸ್ನಾಯುಗಳಿಗೆ ಶಸ್ತ್ರಚಿಕಿತ್ಸೆ ಆಗಬೇಕಿತ್ತು, ಎಸ್ಟಿಮೇಟ್ ಇತ್ತು. ಒಂದೇ ಸಭೆಯಲ್ಲಿ ಮಂಜೂರು ಮಾಡಿದೆವು. ಚೆಕ್ ಪಡೆಯಲು ಬಂದ ತಾಯಿ ಹೇಳಿದರು: “ಆಗ ಆರು ತಿಂಗಳು ಹೋದೆವು ಸರ್. ಪದೇ ಪದೇ ರಜೆ ಹಾಕಿದ್ದಕ್ಕೆ ಎರಡು ಮನೆಯ ಕೆಲಸ ಹೋಯಿತು. ಆಮೇಲೆ ನಿಲ್ಲಿಸಿಬಿಟ್ಟೆವು.” ವ್ಯಾಯಾಮ ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತಿರಲಿಲ್ಲ ಎಂದು ಯಾರೂ ಖಾತ್ರಿ ಕೊಡಲಾರರು. ಆದರೆ ಕಳೆದುಹೋದ ಆ ವರ್ಷಗಳು ಮಗುವಿಗೆ ಮರಳಿ ಬರುವುದಿಲ್ಲ.

ಇದನ್ನೇ ‘ಶೀಘ್ರ ಮಧ್ಯಸ್ಥಿಕೆ’ ಎನ್ನುತ್ತಾರೆ. ಹುಟ್ಟಿನಿಂದ ಆರು ವರ್ಷದೊಳಗೆ ಮೆದುಳು ಬೇಗ ಬೆಳೆಯುತ್ತದೆ, ಹೊಸದನ್ನು ಬೇಗ ಕಲಿಯುತ್ತದೆ. ಆ ಅವಧಿಯಲ್ಲಿ ಫಿಸಿಯೋಥೆರಪಿ, ಮಾತಿನ ತರಬೇತಿ, ವಿಶೇಷ ಶಿಕ್ಷಣ ಇವು ಒಟ್ಟಾಗಿ ನಡೆಯಬೇಕು. ವಿಶೇಷ ಶಿಕ್ಷಕಿ ಪಾಠ ಒಪ್ಪಿಸುವುದಿಲ್ಲ. ಚಮಚ ಹಿಡಿಯುವುದು, ಬೇಕಾದುದನ್ನು ತೋರಿಸಿ ಕೇಳುವುದು ಇಂಥವನ್ನು ಕಲಿಸುತ್ತಾರೆ, ಮನೆಯಲ್ಲಿ ಅದನ್ನೇ ಮಾಡಿಸಲು ತಾಯಿಗೂ ಹೇಳಿಕೊಡುತ್ತಾರೆ.

9 ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ, 2 ವರ್ಷಕ್ಕೆ ಎರಡು ಪದ ಜೋಡಿಸಿ ಮಾತಾಡದಿದ್ದರೆ, ಹೆಸರು ಕರೆದಾಗ ತಿರುಗಿ ನೋಡದಿದ್ದರೆ ಮಗುವನ್ನು ವೈದ್ಯರಿಗೆ ತೋರಿಸಿ. ‘ನಿಧಾನಕ್ಕೆ ಸರಿಹೋಗುತ್ತದೆ’ ಎಂದು ಕಾಯಬೇಡಿ.

ಎಲ್ಲಿ ತೋರಿಸಬೇಕು? ಕುರ್ಲಾದ ಪಕ್ಕದ ಸ್ಟೇಷನ್ನೇ ಸಯನ್. ಅಲ್ಲಿ ಪಾಲಿಕೆಯ ಲೋಕಮಾನ್ಯ ತಿಲಕ್ ಆಸ್ಪತ್ರೆ ಇದೆ. ಬಾಂದ್ರಾ ರಿಕ್ಲಮೇಶನ್‌ನಲ್ಲಿ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಮಾತು ಮತ್ತು ಶ್ರವಣಕ್ಕೆಂದು 1983ರಲ್ಲಿ ಆರಂಭವಾದ ಅಲ್ಲಿ 2021ರಿಂದ ಎಲ್ಲ ಬಗೆಯ ವೈಕಲ್ಯದ ಚಿಕ್ಕ ಮಕ್ಕಳಿಗೂ ಶೀಘ್ರ ಮಧ್ಯಸ್ಥಿಕಾ ಕೇಂದ್ರ ನಡೆಯುತ್ತಿದೆ. ಮಿಥು ಆಲೂರ್ ಅವರು 1972ರಲ್ಲಿ ಸ್ಥಾಪಿಸಿದ ಸ್ಪಾಸ್ಟಿಕ್ಸ್ ಸೊಸೈಟಿ, ಅಂದರೆ ಇಂದಿನ ಅಡಾಪ್ಟ್, ಕೂಡ ಬಾಂದ್ರಾದಲ್ಲಿದೆ. ಸೆರೆಬ್ರಲ್ ಪಾಲ್ಸಿ ಇರುವ ಅವರ ಮಗಳು ಮಾಲಿನಿ ಛಿಬ್ ಲಂಡನ್ನಿನಲ್ಲಿ ಎರಡು ಸ್ನಾತಕೋತ್ತರ ಪದವಿ ಪಡೆದರು.

ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡನ್ನು ಮೊದಲೇ ಮಾಡಿಸಿಕೊಳ್ಳಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ ‘ನಿರಾಮಯ’ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಥೆರಪಿಗೂ ಅದರಲ್ಲಿ ಒಂದು ಮಿತಿಯವರೆಗೆ ಹಣವಿದೆ.

ಇಷ್ಟಿದ್ದರೂ ನಮ್ಮ ನೆರವು ಏಕೆ ಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಡುವುದು 6ರಿಂದ 18 ವರ್ಷದವರೆಗೆ. ಅದಕ್ಕೂ ಮೊದಲಿನ, ಹೆಚ್ಚು ಬೆಲೆಯ ವರ್ಷಗಳ ಭಾರ ಬಹುಪಾಲು ಮನೆಯವರ ಮೇಲೆಯೇ. ಸರ್ಕಾರಿ ಆಸ್ಪತ್ರೆಯ ಶುಲ್ಕ ಅಲ್ಪ. ಆದರೆ ಮಗುವನ್ನು ಎತ್ತಿಕೊಂಡು ಕುರ್ಲಾದ ನೂಕುನುಗ್ಗಲಿನಲ್ಲಿ ಲೋಕಲ್ ಹತ್ತಲಾಗದು. ರಿಕ್ಷಾ ಬಾಡಿಗೆ, ತಾಯಿಯ ತಪ್ಪಿದ ಕೂಲಿ ಇವಕ್ಕೆ ಯಾವ ಬಿಲ್ಲೂ ಇಲ್ಲ.

ಆದ್ದರಿಂದ ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ನಾನು ಇಡುವ ಪ್ರಸ್ತಾವ ಇದು: ಒಂದು ಮಗುವಿಗೆ ತಿಂಗಳಿಗೆ 2,000 ರೂಪಾಯಿ, 24 ತಿಂಗಳು, ಒಟ್ಟು 48,000. ಎಸ್ಟಿಮೇಟ್ ಬದಲು ಥೆರಪಿ ಕೇಂದ್ರದ ಹಾಜರಾತಿ ಕಾರ್ಡ್ ಸಾಕು. ಬ್ಯಾಂಕಿನ ಲೆಕ್ಕದಲ್ಲಿ ಇದು ಆರ್‌ಡಿ ಇದ್ದಂತೆ, ಕಂತು ತಪ್ಪಬಾರದು. ಈಗ ನಮ್ಮ ಮುಂದೆ ಇಂಥ ಮೂರು ಅರ್ಜಿಗಳಿವೆ, ಅಂದರೆ 1,44,000 ರೂಪಾಯಿ ಬೇಕು. ಒಂದು ಮಗುವಿನ ಒಂದು ತಿಂಗಳನ್ನಾದರೂ ವಹಿಸಿಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ. ಈ ಮೂರು ಅರ್ಜಿಗಳ ಮೇಲೆ ನಾನಿನ್ನೂ ಷರಾ ಬರೆದಿಲ್ಲ.