ಸುಳ್ಳು, ತಪ್ಪು, ಮೌನ: ಕಾನೂನು ಕಾಣುವ ವಂಚನೆ

ಊರಿನಲ್ಲಿ ಸೈಟು ಕೊಂಡು ಕೈಸುಟ್ಟುಕೊಂಡವರು 'ಮೋಸ ಹೋದೆ' ಎನ್ನುತ್ತಾರೆ. ಕಾನೂನು ಅಷ್ಟು ಬೇಗ ಒಪ್ಪುವುದಿಲ್ಲ. ಆಡಿದ ಮಾತು ಸುಳ್ಳಾಯಿತೆಂದರೆ ಸಾಲದು, ಆಡುವಾಗ ಅವರ ಮನಸ್ಸಿನಲ್ಲಿ ಏನಿತ್ತು ಎಂದು ಅದು ಕೇಳುತ್ತದೆ.

ನಾವಿರುವ ಈ ಇಂಗ್ಲೆಂಡಿನಲ್ಲಿ ಅದಕ್ಕೆ ಸ್ಪಷ್ಟ ಉತ್ತರ ಸಿಕ್ಕಿದ್ದು 1889ರ ಡೆರಿ-ಪೀಕ್ ಮೊಕದ್ದಮೆಯಲ್ಲಿ. ಪ್ಲಿಮತ್‌ನ ಟ್ರ್ಯಾಮ್ ಕಂಪನಿಯೊಂದು, ಉಗಿ ಎಂಜಿನ್ ಓಡಿಸುವ ಹಕ್ಕು ತನಗಿದೆ ಎಂದು ಪ್ರಾಸ್ಪೆಕ್ಟಸ್‌ನಲ್ಲಿ ಬರೆಯಿತು. ಅದಕ್ಕೆ ಬೋರ್ಡ್ ಆಫ್ ಟ್ರೇಡ್‌ನ ಒಪ್ಪಿಗೆ ಬೇಕಿತ್ತು. ಮಾರ್ಗದ ಕೆಲವು ಭಾಗ ಬಿಟ್ಟರೆ ಒಪ್ಪಿಗೆ ಸಿಗಲಿಲ್ಲ, ಕಂಪನಿ ಮುಚ್ಚಿತು. ಷೇರು ಕೊಂಡಿದ್ದ ಪೀಕ್ ನಿರ್ದೇಶಕರ ಮೇಲೆ ದಾವೆ ಹೂಡಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತರು. ಒಪ್ಪಿಗೆ ಸಿಕ್ಕೇ ಸಿಗುತ್ತದೆಂದು ನಿರ್ದೇಶಕರು ಪ್ರಾಮಾಣಿಕವಾಗಿ ನಂಬಿದ್ದರು. ಸುಳ್ಳೆಂದು ತಿಳಿದು ಹೇಳಿದ್ದು, ನಿಜವೆಂದು ನಂಬದೆ ಹೇಳಿದ್ದು, ನಿಜವೋ ಸುಳ್ಳೋ ಎಂಬ ಪರಿವೆಯೇ ಇಲ್ಲದೆ ಹೇಳಿದ್ದು: ಇವು ವಂಚನೆ ಎಂದರು ಲಾರ್ಡ್ ಹರ್ಷೆಲ್. 'ಪೇಪರ್ ಎಲ್ಲ ಕ್ಲಿಯರ್ ಸಾರ್' ಎಂದು ಕಡತ ತೆರೆಯದೆಯೇ ಹೇಳುವ ಏಜೆಂಟ್ ಮೂರನೆಯ ಸಾಲಿಗೆ ಸೇರಬಹುದು. (ಪೀಕ್ ಸೋತದ್ದು ಪಾರ್ಲಿಮೆಂಟಿಗೆ ಹಿಡಿಸಲಿಲ್ಲ. ಮರುವರ್ಷವೇ ಪ್ರಾಸ್ಪೆಕ್ಟಸ್‌ಗೆ ನಿರ್ದೇಶಕರನ್ನು ಹೊಣೆ ಮಾಡುವ ಕಾಯ್ದೆ ಬಂತು.)

ಊರಿನ ಸೈಟಿಗೆ ಅನ್ವಯಿಸುವುದು ಭಾರತದ 1872ರ ಕರಾರು ಕಾಯ್ದೆ. ಅದರ 17ನೆಯ ಕಲಮಿನಲ್ಲಿ ಮೌನದ ಬಗ್ಗೆ ಒಂದು ಕುದುರೆಯ ಉದಾಹರಣೆ ಇದೆ, ನನಗೆ ಬಹಳ ಇಷ್ಟವಾದದ್ದು. ಹರಾಜಿನಲ್ಲಿ ಕುದುರೆ ಮಾರುವವನಿಗೆ ಅದರ ದೋಷ ಗೊತ್ತು, ಆದರೆ ಬಾಯಿ ಬಿಡುವುದಿಲ್ಲ. ಇದು ವಂಚನೆಯಲ್ಲ. ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಸಿಗೆ ಬಂದ ಅವನ ಮಗಳಾದರೆ, ಹೇಳುವುದು ಅವನ ಕರ್ತವ್ಯ. ಇನ್ನು ಕೊಳ್ಳುವವನು 'ನೀವು ಅಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದೇ ತಿಳಿಯುತ್ತೇನೆ' ಎಂದಾಗ ಸುಮ್ಮನಿದ್ದರೆ, ಆ ಮೌನವೂ ಮಾತೇ.

ಹಾಗಾಗಿ ಮುಂಗಡ ಕಳಿಸುವ ಮುನ್ನ, ಸಾಲ, ವ್ಯಾಜ್ಯ, ಪಾಲುದಾರರ ತಕರಾರು ಇದೆಯೇ ಎಂದು ಮಾರುವವರನ್ನು ಬರಹದಲ್ಲಿ ಕೇಳಿ. ಇಸಿಯನ್ನೂ ತೆಗೆಸಿ, ಕಾವೇರಿ ಪೋರ್ಟಲ್‌ನಲ್ಲಿ ಇಲ್ಲಿಂದಲೇ ಸಾಧ್ಯ. ಏಕೆಂದರೆ 19ನೆಯ ಕಲಮಿನ ಪ್ರಕಾರ, ಸಾಮಾನ್ಯ ಎಚ್ಚರಿಕೆಯಿಂದ ಸತ್ಯ ತಿಳಿಯಬಹುದಿದ್ದರೆ, ಮೌನದ ವಂಚನೆ ಅಥವಾ ತಿಳಿಯದೆ ಹೇಳಿದ ತಪ್ಪು ಮಾತಿನ ಆಧಾರದ ಮೇಲೆ ಕರಾರು ರದ್ದುಮಾಡಲಾಗದು. ಬಾಯಿಬಿಟ್ಟು ಹೇಳಿದ ಉದ್ದೇಶಪೂರ್ವಕ ಸುಳ್ಳಿಗೆ ಆ ರಕ್ಷಣೆಯಿಲ್ಲ. ಕರಾರು ರದ್ದತಿಗೆ ದಾವೆ ಹೂಡಲು ಇರುವುದು 3 ವರ್ಷ, ಅದೂ ವಿಷಯ ತಿಳಿದ ದಿನದಿಂದ.