ಒಂದು ಪ್ರಶ್ನೆ ಹಿಡಿದು ಗಂಗೋತ್ರಿಯ ಗ್ರಂಥಾಲಯಕ್ಕೆ

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆ ಮುಗಿಸಿದವರು ಮನೆಯ ಕಡೆ ಹೊರಡುವ ಹೊತ್ತಿಗೆ ಮಾನಸಗಂಗೋತ್ರಿಯ ರಸ್ತೆಗಳಲ್ಲಿ ವಿದ್ಯಾರ್ಥಿಗಳ ಓಡಾಟ ಶುರುವಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಈ ಆವರಣಕ್ಕೆ ಹೆಸರಿಟ್ಟವರು ಕುವೆಂಪು. ಊರಿನವರ ಬಾಯಲ್ಲಿ ಇದು ಬರೀ ‘ಗಂಗೋತ್ರಿ’. ಇಲ್ಲಿನ ಗ್ರಂಥಾಲಯಕ್ಕೆ ಬರುವ ಹುಡುಗ ಹುಡುಗಿಯರಲ್ಲಿ ಅನೇಕರ ಕೈಯಲ್ಲಿ ಇರುವುದು ಕೆಎಎಸ್, ಪಿಡಿಒ, ನೆಟ್ ಪರೀಕ್ಷೆಗಳ ಗೈಡು. ಕೂತು ಓದಲು ಅವರಿಗೊಂದು ಮೇಜು ಸಿಕ್ಕರೆ ಸಾಕು. ನಾನು ಬಂದದ್ದು ಒಂದು ಪ್ರಶ್ನೆ ಹಿಡಿದು: ಕರ್ನಾಟಕದಲ್ಲಿ ಬಾಲ್ಯವಿವಾಹ ಕಡಿಮೆಯಾಗುತ್ತಿದೆಯೇ?

ಪತ್ರಿಕೆ ಓದುವವರಿಗೆ ಈ ಪ್ರಶ್ನೆಗೆ ಎರಡು ಉತ್ತರ ಸಿಗುತ್ತವೆ. ಬಾಲ್ಯವಿವಾಹ ಪ್ರಕರಣಗಳಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು ಎಂಬ ಸುದ್ದಿ ಒಂದು ದಿನ ಬರುತ್ತದೆ. ಪಿಡುಗು ಹತೋಟಿಗೆ ಬರುತ್ತಿದೆ ಎಂಬ ಸಚಿವರ ಹೇಳಿಕೆ ಇನ್ನೊಂದು ದಿನ. ಎರಡೂ ಅಂಕಿಅಂಶದ ಬಲದಿಂದಲೇ ಬರುವ ಮಾತುಗಳು. ಆ ಅಂಕಿಗಳು ಎಲ್ಲಿ ಹುಟ್ಟಿದವು ಎಂದು ನೋಡಬೇಕಾದರೆ ಇಂಥ ಕಡೆಗೇ ಬರಬೇಕು.

ಚೀಲ ಹೊರಗಿಟ್ಟು, ಪುಸ್ತಕದಲ್ಲಿ ಹೆಸರು ಬರೆದು ಒಳಗೆ ಹೋಗಬೇಕು. ವಿಶ್ವವಿದ್ಯಾನಿಲಯದ ಹೊರಗಿನವರು ಮೊದಲೇ ವಿಚಾರಿಸಿಕೊಂಡು, ಗುರುತಿನ ಚೀಟಿಯ ಜೊತೆಗೆ ಯಾತಕ್ಕೆ ಬಂದಿದ್ದೇವೆ ಎಂದು ಬರೆದ ಒಂದು ಪತ್ರ ಇಟ್ಟುಕೊಂಡಿದ್ದರೆ ಕೆಲಸ ಸಲೀಸು. “ಯಾವ ಸಬ್ಜೆಕ್ಟು ಮೇಡಂ?” ಎಂದು ಸಿಬ್ಬಂದಿಯೊಬ್ಬರು ಕೇಳಿದರು. ಹೇಳಿದೆ. “ಅದು ಒಂದೇ ಕಡೆ ಸಿಗಲ್ಲ ಮೇಡಂ, ನಾಲ್ಕೈದು ಕಡೆ ಓಡಾಡ್ಬೇಕು” ಎಂದರು.

ಅವರು ಹೇಳಿದ್ದು ಸರಿ. ಡ್ಯೂಯಿ ವರ್ಗೀಕರಣದಲ್ಲಿ ಮದುವೆ, ಕುಟುಂಬದ ಪುಸ್ತಕಗಳು 306ರಲ್ಲಿ, ಜನಸಂಖ್ಯೆ 304ರಲ್ಲಿ, ಮಕ್ಕಳ ಕಲ್ಯಾಣ 362ರಲ್ಲಿ, ಕೌಟುಂಬಿಕ ಕಾನೂನು 346ರಲ್ಲಿ, ಮದುವೆಯ ಶಾಸ್ತ್ರ ಸಂಪ್ರದಾಯಗಳು 392ರಲ್ಲಿ, ಇತಿಹಾಸ 954ರಲ್ಲಿ. ಕನ್ನಡ ಕಾದಂಬರಿಗಳು ದೂರದ 894ರಲ್ಲಿ. ಹದಿನಾರರ ಹುಡುಗಿಯೊಬ್ಬಳ ಕೊರಳಿಗೆ ತಾಳಿ ಬೀಳುವ ಸಂಗತಿ ಹೀಗೆ ಇಡೀ ಕಟ್ಟಡದಲ್ಲಿ ಚದುರಿ ಹೋಗಿದೆ. ಒಂದೇ ಕಪಾಟಿನ ಮುಂದೆ ನಿಂತು ಬರೆದವರ ಬರಹ ಸೊರಗುವುದೂ ಇದರಿಂದಲೇ. ಕಾನೂನಿನ ಸಾಲಿನಲ್ಲಿ ನಿಂತವರಿಗೆ ಶಿಕ್ಷೆ ಸಾಲದು ಅನ್ನಿಸುತ್ತದೆ. ಸಂಪ್ರದಾಯದ ಸಾಲಿನಲ್ಲಿ ನಿಂತವರಿಗೆ ಜನರ ಅಜ್ಞಾನವೊಂದೇ ಕಾಣುತ್ತದೆ.

ನಾನು ಮೊದಲು ಕೂತದ್ದು ಅಂಕಿಅಂಶದ ಮುಂದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿ ತೆರೆದರೆ ಸುದ್ದಿಯ ಮೂಲ ಅಲ್ಲೇ ಇದೆ. ಬಾಲ್ಯವಿವಾಹ ನಿಷೇಧ ಕಾಯ್ದೆಯಡಿ 2021ರಲ್ಲಿ ದೇಶದಾದ್ಯಂತ ದಾಖಲಾದದ್ದು 1,050 ಪ್ರಕರಣ. ಅವುಗಳಲ್ಲಿ 273 ಕರ್ನಾಟಕದವು, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಹಿಂದಿನ ವರ್ಷ 184 ಪ್ರಕರಣಗಳಿದ್ದಾಗಲೂ ನಮ್ಮದೇ ಮೊದಲ ಸ್ಥಾನ.

ಪಕ್ಕದಲ್ಲೇ ಇನ್ನೊಂದು ವರದಿ ಬಿಡಿಸಿಟ್ಟುಕೊಂಡೆ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅದು. 2019–21ರ ಸುತ್ತಿನಲ್ಲಿ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು ಪಶ್ಚಿಮ ಬಂಗಾಳದಲ್ಲಿ ಶೇ 41.6, ಬಿಹಾರದಲ್ಲಿ ಶೇ 40.8, ಕರ್ನಾಟಕದಲ್ಲಿ ಶೇ 21.3. ದೇಶದ ಸರಾಸರಿ ಶೇ 23.3. ಅಂದರೆ ಆ ವರ್ಷಗಳಲ್ಲಿ ಠಾಣೆಯ ಲೆಕ್ಕದಲ್ಲಿ ಮೊದಲನೆಯವರಾಗಿದ್ದ ನಾವು ಮನೆಮನೆಯ ಲೆಕ್ಕದಲ್ಲಿ ಸರಾಸರಿಗಿಂತ ಕೆಳಗಿದ್ದೆವು. ನಮ್ಮಲ್ಲಿ ತಾಲ್ಲೂಕಿನಿಂದ ಗ್ರಾಮ ಪಂಚಾಯಿತಿಯವರೆಗೆ ಹಲವು ಇಲಾಖೆಗಳ ನೌಕರರಿಗೆ ಬಾಲ್ಯವಿವಾಹ ನಿಷೇಧಾಧಿಕಾರಿಯ ಹೊಣೆ ಕೊಟ್ಟಿದ್ದಾರೆ. ದೂರು ಬರೆಸುವವರು ಹೆಚ್ಚಿದ್ದರೆ ದೂರುಗಳೂ ಹೆಚ್ಚಾಗುತ್ತವೆ. ಆ 273 ಎಂಬ ಅಂಕಿ ನಾಚಿಕೆಪಡುವಂಥದ್ದು ಎಂದು ಬರೆದವರು ದೂರು ಕೊಡುವ ಅಂಗನವಾಡಿ ಕಾರ್ಯಕರ್ತೆಯರ ಧೈರ್ಯಕ್ಕೆ ಅನ್ಯಾಯ ಮಾಡಿದ್ದಾರೆ ಎಂದೇ ನನ್ನ ಅನಿಸಿಕೆ.

ಹಾಗೆಂದು ಸಮಾಧಾನಪಟ್ಟುಕೊಂಡು ಎದ್ದು ಬರುವಂತಿಲ್ಲ. ಅದೇ ಸಮೀಕ್ಷೆಯ ಹಿಂದಿನ ಸುತ್ತು, 2015–16ರದ್ದು, ತೆರೆದು ನೋಡಿ. ಆಗ ಕರ್ನಾಟಕದ ಅಂಕಿ ಶೇ 21.4. ದೇಶದ ಅಂಕಿ ಈ ಎರಡು ಸುತ್ತುಗಳ ನಡುವೆ 26.8ರಿಂದ 23.3ಕ್ಕೆ ಇಳಿದರೆ ನಮ್ಮದು ಬಹುತೇಕ ನಿಂತಲ್ಲೇ ನಿಂತಿದೆ. ಈ ಎರಡು ಸಾಲುಗಳ ಮುಂದೆ ನಾನು ಬಹಳ ಹೊತ್ತು ಕೂತೆ. ರಾಜ್ಯದ ಸರಾಸರಿಯ ಒಳಗೂ ಎರಡು ನಾಡುಗಳಿವೆ. ದಕ್ಷಿಣ ಕನ್ನಡ, ಉಡುಪಿಗಳ ಅಂಕಿ ಸರಾಸರಿಗಿಂತ ಬಹಳ ಕೆಳಗೆ, ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯದು ಬಹಳ ಮೇಲೆ.

ಸಮೀಕ್ಷೆ ಓದುವವರು ಮರೆಯಬಾರದ ಸಂಗತಿ ಮತ್ತೊಂದಿದೆ. 2020ರಲ್ಲಿ 20ರಿಂದ 24 ವರ್ಷದವಳಾಗಿದ್ದವಳಿಗೆ ಹದಿನೆಂಟು ತುಂಬಿದ್ದು 2014ರಿಂದ 2018ರ ನಡುವೆ. ಆದ್ದರಿಂದ ಈ ಶೇ 21.3 ಹೇಳುವುದು ಅದಕ್ಕೂ ಹಿಂದಿನ ವರ್ಷಗಳ ಮದುವೆಗಳ ಕಥೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಹಸೆಮಣೆ ಏರಿದ ಹದಿನೈದರ ಹುಡುಗಿ ಇದರಲ್ಲಿ ಇಲ್ಲವೇ ಇಲ್ಲ. ಬಾಲ್ಯವಿವಾಹವನ್ನು ಮೊದಲ ಕ್ಷಣದಿಂದಲೇ ಅಸಿಂಧು ಎಂದು ಸಾರಿದ ಕರ್ನಾಟಕದ 2016ರ ತಿದ್ದುಪಡಿ ಕೆಲಸ ಮಾಡಿದೆಯೋ ಇಲ್ಲವೋ ಎಂಬುದನ್ನೂ ಈ ಅಂಕಿಯಿಂದ ಅಳೆಯಲಾಗದು.

ಹಳೆಯ ಮೈಸೂರಿನ ದಾಖಲೆಗಳ ಕಡೆ ಹೋದರೆ ಈ ಪ್ರಶ್ನೆಯ ವಯಸ್ಸು ತಿಳಿಯುತ್ತದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಹುಟ್ಟುಹಾಕಿದ ಪ್ರಜಾಪ್ರತಿನಿಧಿ ಸಭೆಯ ನಡಾವಳಿಗಳು ಸಾಮಾಜಿಕ ಪ್ರಶ್ನೆಗಳ ಬೆನ್ನು ಹತ್ತಿದವರಿಗೆ ದೊಡ್ಡ ಗಣಿ. ಕೆರೆ, ಕಂದಾಯ, ಶಾಲೆ, ಮದುವೆ ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತಿದ್ದವು. ಬ್ರಿಟಿಷ್ ಇಂಡಿಯಾದಲ್ಲಿ 1891ರ ಸಮ್ಮತಿ ವಯಸ್ಸಿನ ಕಾಯ್ದೆ ದೊಡ್ಡ ಕೋಲಾಹಲ ಎಬ್ಬಿಸಿದ ಮೂರೇ ವರ್ಷಕ್ಕೆ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮೈಸೂರು ತನ್ನದೇ ಕಾನೂನು ಮಾಡಿತು. 1894ರ ಆ ಕಾನೂನು ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನೂ ನಿಷೇಧಿಸಿತು. ಇಡೀ ಬ್ರಿಟಿಷ್ ಇಂಡಿಯಾಕ್ಕೆ ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ನಾವು ಮುಂದಿದ್ದೆವು ಎಂಬ ಹೆಮ್ಮೆ ಬರುವುದು ಸಹಜ. ಆದರೆ ಒಂಬತ್ತರ ಹುಡುಗಿಯನ್ನು ಇಪ್ಪತ್ತೈದರವನಿಗೆ ಕೊಡಲು ಆ ಕಾನೂನಿನ ಅಡ್ಡಿ ಇರಲಿಲ್ಲ. ಅದನ್ನು ಚರ್ಚಿಸಿದ ಸಭೆಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಸಮಾಜಶಾಸ್ತ್ರದ ಸಾಲಿಗೆ ಬಂದಾಗ ಈ ಊರಿನ ಹೆಸರುಗಳೇ ಎದುರಾಗುತ್ತವೆ. ಈ ವಿಶ್ವವಿದ್ಯಾನಿಲಯದ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು ಆರಂಭಿಸಿ, ಅವರ ನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಂದುವರಿಸಿದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು ಪ್ರಕಟವಾದದ್ದು ವಿಶ್ವವಿದ್ಯಾನಿಲಯದಿಂದಲೇ. ಯಾವ ಜಾತಿಯಲ್ಲಿ ಹೆಣ್ಣಿಗೆ ಯಾವಾಗ ಮದುವೆ, ಹೆಣ್ಣಿನ ಮನೆಗೆ ಗಂಡಿನವರು ಕೊಡುವ ತೆರ ಎಷ್ಟು, ವಿಧವೆಯ ಮರುಮದುವೆಯಾದ ಕೂಡಾವಳಿ ಹೇಗೆ ಎಂಬುದೆಲ್ಲ ಅವುಗಳಲ್ಲಿದೆ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಬರೆದ ಮೊದಲ ಪುಸ್ತಕದ ವಿಷಯವೂ ಮೈಸೂರಿನ ಮದುವೆ ಮತ್ತು ಕುಟುಂಬವೇ, ಅದು 1942ರದ್ದು. ರಾಂಪುರ ಎಂಬ ಹಳ್ಳಿಯ ಅಧ್ಯಯನಕ್ಕಿಂತ ಮೊದಲಿನ ಶ್ರೀನಿವಾಸರನ್ನು ನಮ್ಮ ವಿದ್ಯಾರ್ಥಿಗಳು ಓದುವುದು ಕಡಿಮೆ. ಓದಬೇಕು.

ಅಲ್ಲಿಂದ ನಿಯತಕಾಲಿಕೆಗಳಿಗೆ. ‘ಪಾಪ್ಯುಲೇಷನ್ ಸ್ಟಡೀಸ್’ ಪತ್ರಿಕೆಯ 1983ರ ಸಂಪುಟದಲ್ಲಿ ಜಾನ್ ಕಾಲ್ಡ್‌ವೆಲ್, ಪಿ.ಎಚ್. ರೆಡ್ಡಿ ಮತ್ತು ಪ್ಯಾಟ್ ಕಾಲ್ಡ್‌ವೆಲ್ ಬರೆದ ಲೇಖನವಿದೆ. ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಇದ್ದು, ಮನೆಮನೆಯಲ್ಲಿ ಮಾತಾಡಿ ಮಾಡಿದ ಕೆಲಸ ಅದು. ಹೆಣ್ಣುಮಕ್ಕಳ ಮದುವೆಯ ವಯಸ್ಸು ಏಕೆ ಏರುತ್ತಿದೆ ಎಂದು ಅವರು ಹುಡುಕಿದರು. ತೆರ ಹೋಗಿ ವರದಕ್ಷಿಣೆ ಬಂದದ್ದು, ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವುದು ಕಡಿಮೆಯಾದದ್ದು, ಓದಿದ, ನೌಕರಿಯಿರುವ ಗಂಡಿಗಾಗಿ ಪೈಪೋಟಿ ಬೆಳೆದದ್ದು ಎಲ್ಲವೂ ಅಲ್ಲಿ ಒಟ್ಟಿಗೆ ಹೆಣೆದುಕೊಂಡಿವೆ. ಕಾನೂನಿನ ಭಯಕ್ಕಿಂತ ಮದುವೆಯ ಖರ್ಚು, ಗಂಡಿನ ಲಭ್ಯತೆಗಳೇ ಮನೆಯ ನಿರ್ಧಾರವನ್ನು ತಿರುಗಿಸುತ್ತವೆ ಎಂದು ಓದಿದಾಗ ಅಂಕಿ ಏಕೆ ನಿಂತಲ್ಲೇ ನಿಂತಿದೆ ಎಂಬ ಪ್ರಶ್ನೆಗೆ ಒಂದು ಎಳೆ ಸಿಕ್ಕಿತು. ಹುಡುಗಿ ದೊಡ್ಡವಳಾದಷ್ಟೂ ಹೆಚ್ಚು ಓದಿದ ಗಂಡು ಬೇಕು, ವರದಕ್ಷಿಣೆಯೂ ಹೆಚ್ಚು. ಬಡವರ ಮನೆಯಲ್ಲಿ ಈ ಲೆಕ್ಕ ಅವಳನ್ನು ಬೇಗ ಕಳಿಸುವ ಕಡೆಗೇ ತಳ್ಳುತ್ತದೆ.

ಇಂಥ ಲೇಖನಗಳು ಈಗ ಹೆಚ್ಚಾಗಿ ಕಂಪ್ಯೂಟರಿನ ಮೇಲೇ ತೆರೆದುಕೊಳ್ಳುತ್ತವೆ. ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. ಸರ್ಕಾರಿ ವಿಶ್ವವಿದ್ಯಾನಿಲಯಗಳ ಜೊತೆಗೆ ಸರ್ಕಾರಿ ಕಾಲೇಜುಗಳಿಗೂ ಸುಮಾರು 13,000 ಪತ್ರಿಕೆಗಳು ಸಿಗುವಂತೆ ಮಾಡುವ ಯೋಜನೆ ಇದು. ತಮ್ಮ ಕಾಲೇಜಿನ ಗ್ರಂಥಪಾಲಕರನ್ನು ಕೇಳಿ ಇದನ್ನು ಬಳಸಿಕೊಳ್ಳುವ ಹಳ್ಳಿಯ ಮಕ್ಕಳು ಹೆಚ್ಚಬೇಕು.

ಪಿಎಚ್‌.ಡಿ ಪ್ರಬಂಧಗಳಿಗೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ ಇದೆ. ಮನೆಯಲ್ಲಿ ಕೂತು, ಯಾವ ಚಂದಾವೂ ಇಲ್ಲದೆ ಓದಬಹುದು. ಪ್ರಬಂಧಗಳ ಮೊದಲ ಎರಡು ಅಧ್ಯಾಯಗಳಲ್ಲಿ ಒಬ್ಬರು ಬರೆದದ್ದನ್ನೇ ಇನ್ನೊಬ್ಬರು ಬರೆದಿರುವುದು ಹೆಚ್ಚು. ಅವನ್ನು ದಾಟಿ ಕೊನೆಯ ಅನುಬಂಧಕ್ಕೆ ಹೋಗಬೇಕು. ಯಾರನ್ನು ಕೇಳಿದರು, ಏನು ಕೇಳಿದರು, ತಾಯಂದಿರನ್ನೇ ಕೇಳಿದರೋ ಹುಡುಗಿಯನ್ನೂ ಕೇಳಿದರೋ ಎಂಬುದು ಪ್ರಶ್ನಾವಳಿಯಲ್ಲಿ ತಿಳಿಯುತ್ತದೆ. ಕನ್ನಡದಲ್ಲಿ ಬರೆದ ಪ್ರಬಂಧಗಳಲ್ಲಿ ಹೈಸ್ಕೂಲು ದೂರ, ಕಬ್ಬು ಕಡಿಯಲು ಗುಳೆ ಹೋಗುವ ಮನೆಯಲ್ಲಿ ಮಗಳನ್ನು ಯಾರ ಜೊತೆ ಬಿಡುವುದು, ಊರಿನವರ ಬಾಯಿ ಎಂಬ ಭಯಗಳು ಜನರ ನುಡಿಯಲ್ಲೇ ಉಳಿದುಕೊಂಡಿವೆ.

ಹುಡುಗಿಯ ಮಾತನ್ನು ಇನ್ನೂ ಹತ್ತಿರದಿಂದ ಕೇಳಬೇಕಾದರೆ 894ರ ಸಾಲುಗಳಿಗೇ ಹೋಗಬೇಕು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲೇ ಬಾಲವಿಧವೆಯ ಬದುಕನ್ನು ಕನ್ನಡ ಕಾದಂಬರಿಗೆ ತಂದಿತು. ಸ್ವತಃ ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ಪ್ರಕಾಶಕಿಯಾದರು, ಸಂಪಾದಕಿಯಾದರು. ಬಾಲವಿಧವೆಯದೇ ಕಥೆಯಾದ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರದ್ದು. ಈ ಹೆಣ್ಣು ಬರವಣಿಗೆಯ ಬೆನ್ನು ಹತ್ತಿ ಕೆಲಸ ಮಾಡಿದ ವಿಜಯಾ ದಬ್ಬೆಯವರು ಪಾಠ ಹೇಳಿದ್ದು ಇದೇ ಗಂಗೋತ್ರಿಯಲ್ಲಿ. ಸಮೀಕ್ಷೆಯ ಪಕ್ಕದಲ್ಲಿ ಕಾದಂಬರಿ ಇಟ್ಟುಕೊಂಡರೆ ಸಂಶೋಧನೆ ತೆಳುವಾಗುತ್ತದೆ ಎನ್ನುವವರಿದ್ದಾರೆ. ಆದರೆ ಶೇ 21.3ರೊಳಗಿನ ಒಬ್ಬಳ ಇಡೀ ಜೀವಮಾನ ಹೇಗಿರಬಹುದು ಎಂದು ಬೇರೆ ಯಾವ ಕಪಾಟೂ ನನಗೆ ಹೇಳಲಿಲ್ಲ.

ಮಧ್ಯಾಹ್ನ ನನ್ನ ಮೇಜಿನ ಎದುರಿಗೆ ಕೂತಿದ್ದವಳು ಹನೂರು ಕಡೆಯ ಸಂಶೋಧನಾ ವಿದ್ಯಾರ್ಥಿನಿ. ನನ್ನ ಮುಂದಿದ್ದ ವರದಿಗಳನ್ನು ನೋಡಿ, “ಮೇಡಂ, ಮದುವೆ ನಿಲ್ಲಿಸಿದ ಮೇಲೆ ಆ ಹುಡುಗಿ ಏನಾದ್ಲು ಅಂತ ಇದ್ರಲ್ಲಿ ಇದ್ಯಾ?” ಎಂದು ಕೇಳಿದಳು. ನಾವಿಬ್ಬರೂ ಸೇರಿ ಹುಡುಕಿದೆವು. ದಾಖಲಾದ ಪ್ರಕರಣಗಳ ಎಣಿಕೆ ಇದೆ, ತಡೆದ ಮದುವೆಗಳ ಲೆಕ್ಕವನ್ನೂ ಸಂಬಂಧಪಟ್ಟ ಇಲಾಖೆ ಇಡುತ್ತದೆ. ತಡೆದ ಮಾರನೆಯ ವರ್ಷ ಅವಳು ಶಾಲೆಗೆ ಮರಳಿದಳೋ, ಬೇರೆ ಊರಿನಲ್ಲಿ ಗುಟ್ಟಾಗಿ ತಾಳಿ ಕಟ್ಟಿಸಿದರೋ ಎಂಬುದು ನಾವು ತೆರೆದ ಯಾವ ಪುಟದಲ್ಲೂ ಇರಲಿಲ್ಲ. ಮುಂದಿನ ಜನಗಣತಿ 2027ಕ್ಕೆ. ಅದು ವಯಸ್ಸು, ವೈವಾಹಿಕ ಸ್ಥಿತಿಯ ಹೊಸ ಕೋಷ್ಟಕ ಕೊಟ್ಟರೂ ಇದಕ್ಕೆ ಉತ್ತರ ಕೊಡುವುದಿಲ್ಲ. ಆ ವಿದ್ಯಾರ್ಥಿನಿ ತನ್ನ ನೋಟ್‌ಬುಕ್ಕಿನಲ್ಲಿ ತಾಲ್ಲೂಕುಗಳ ಹೆಸರು ಬರೆದುಕೊಂಡು, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಗೆ ತೋರಿಸಲು ಮಾರ್ಗದರ್ಶಕರಿಂದ ಪತ್ರ ಬರೆಸಿಕೊಳ್ಳುತ್ತೇನೆಂದು ವಿಭಾಗದ ಕಡೆ ಹೊರಟಳು.