ನಾದದ ಶಿಖರಗಳನ್ನು ಸವರುವ ಡಯೋಡುಗಳು

ವೀಣೆ ಮೃದಂಗಗಳ ಕಚೇರಿಯೊಂದನ್ನು ಧ್ವನಿಮುದ್ರಿಸಿ, ಅದರ ವಿದ್ಯುತ್ ಅಲೆಯನ್ನು ಆಸಿಲೋಸ್ಕೋಪಿನ ತೆರೆಯ ಮೇಲೆ ನೋಡೋಣ. ವೀಣೆಯ ನಾದವು ಮಧ್ಯರೇಖೆಯ ಇಕ್ಕೆಲಗಳಲ್ಲಿ ತಗ್ಗು ದಿಣ್ಣೆಗಳಂತೆ ಹಬ್ಬಿರುವುದು. ಮೃದಂಗದ ಪೆಟ್ಟು ಬಿದ್ದಾಗಲೆಲ್ಲ ಕಡಿದಾದ ಶಿಖರವೊಂದು ಎದ್ದು, ಕೆಲವೇ ಮಿಲಿಸೆಕೆಂಡುಗಳಲ್ಲಿ ಅಡಗುವುದು. ಧ್ವನಿಯ ಗಟ್ಟಿತನವನ್ನು ನಮ್ಮ ಕಿವಿ ತೀರ್ಮಾನಿಸುವುದು ಬಹುಮಟ್ಟಿಗೆ ಸರಾಸರಿಯಿಂದ. ಮುದ್ರಣ ಮಾಧ್ಯಮಕ್ಕಾದರೋ ಶಿಖರವೇ ಮುಖ್ಯ. 1982ರಲ್ಲಿ ಮಾರಾಟಕ್ಕೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಅಲೆಯ ಎತ್ತರವನ್ನು 16 ಬಿಟ್ಟುಗಳ ಸಂಖ್ಯೆಯಾಗಿ ಬರೆಯುವರು. 32,767ಕ್ಕಿಂತ ದೊಡ್ಡ ಸಂಖ್ಯೆಗೆ ಅಲ್ಲಿ ಎಡೆಯಿಲ್ಲ. ಹೀಗಾಗಿ ಕೆಲವು ಶಿಖರಗಳಿಗೋಸ್ಕರ ಇಡೀ ಕಚೇರಿಯನ್ನೇ ತಗ್ಗಿದ ಮಟ್ಟದಲ್ಲಿ ಮುದ್ರಿಸಬೇಕಾಗುವುದು.

ಮುದ್ರಣದ ಕೊನೆಯ ಹಂತವಾದ ಮಾಸ್ಟರಿಂಗಿನಲ್ಲಿ ಇದಕ್ಕೆ ಪರಿಹಾರ ಹುಡುಕುವರು. ಧ್ವನಿ ಹೆಚ್ಚಿದಾಗ ವರ್ಧನೆಯನ್ನು ತಾನೇ ಇಳಿಸುವ ಕಂಪ್ರೆಸರ್ ಎಂಬ ಸಾಧನವುಂಟು. ಆದರೆ ಇಳಿಸಿದ್ದನ್ನು ಮತ್ತೆ ಏರಿಸಲು ಅದಕ್ಕೆ ಕಾಲ ಬೇಕು. ಅಷ್ಟರಲ್ಲಿ ಮೃದಂಗದ ತಪ್ಪಿಗೆ ವೀಣೆಗೂ ಶಿಕ್ಷೆಯಾಗಿರುವುದು. ಶಿಖರದ ತುದಿಯನ್ನಷ್ಟೇ ಸವರಿ, ಉಳಿದುದನ್ನು ಮುಟ್ಟದೆ ಬಿಡುವುದು ಇನ್ನೊಂದು ಮಾರ್ಗ. ಇದಕ್ಕೆ ಕ್ಲಿಪ್ಪಿಂಗ್ ಎಂದು ಹೆಸರು. ಶಿಖರಗಳು 3 ಡೆಸಿಬೆಲ್ ತಗ್ಗಿದರೆ ಇಡೀ ಅಲೆಯನ್ನು ಸುಮಾರು 1.4 ಮಡಿ ಎತ್ತರಿಸಬಹುದು. ತುದಿಯನ್ನು ಒಮ್ಮೆಗೇ ಕತ್ತರಿಸಿದರೆ ಚೂಪಾದ ಮೂಲೆ ಉಂಟಾಗಿ ಕರ್ಕಶವಾದ ಉಚ್ಚ ಕಂಪನಗಳು ಹುಟ್ಟುವುವು. ದುಂಡಗೆ ಬಾಗಿಸಿದರೆ ಅದು ಮೃದು ಕ್ಲಿಪ್ಪಿಂಗ್.

ಇದಕ್ಕೆ ಬೇಕಾದ ಸಾಮಗ್ರಿ ಎಷ್ಟು ಅಲ್ಪವೆಂದರೆ ವಿದ್ಯಾರ್ಥಿಗಳು ಮೊದಲು ನಂಬುವುದೇ ಇಲ್ಲ. ಸಂಕೇತದ ದಾರಿಯಲ್ಲಿ 10,000 ಓಮ್‌ಗಳ ಒಂದು ರೋಧಕ. ಅದರಾಚೆ, ತಂತಿಗೂ ಭೂಸಂಪರ್ಕಕ್ಕೂ ನಡುವೆ, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಜೋಡಿಸಿದ ಎರಡು ಸಿಲಿಕಾನ್ ಡಯೋಡುಗಳು. ಬ್ಯಾಟರಿಯಿಲ್ಲ, ಟ್ರಾನ್ಸಿಸ್ಟರಿಲ್ಲ, ಆದ್ದರಿಂದ ಇದು ನಿಷ್ಕ್ರಿಯ ಮಂಡಲ. ಡಯೋಡು ಒಂದು ಮಿತಿಯಲ್ಲಿ ಥಟ್ಟನೆ ತೆರೆಯುವ ಬಾಗಿಲಲ್ಲ. ವೋಲ್ಟೇಜು ಸುಮಾರು 0.1 ವೋಲ್ಟಿನಷ್ಟು ಏರಿದಂತೆಲ್ಲ ಅದರ ಪ್ರವಾಹ ಹತ್ತು ಮಡಿಯಾಗುವುದು. ಈ ಘಾತೀಯ ನಿಯಮವೇ ಮೃದುತ್ವದ ಮೂಲ. ಸಾಮಾನ್ಯವಾದ 1ಎನ್4148 ಡಯೋಡುಗಳನ್ನು ಬಳಸಿದರೆ 0.3 ವೋಲ್ಟಿನ ಅಲೆ ಬಹುತೇಕ ಹಾಗೆಯೇ ಹೊರಬರುವುದು. 1 ವೋಲ್ಟಿನ ಶಿಖರ ಸುಮಾರು ಅರ್ಧಕ್ಕೆ ಇಳಿಯುವುದು. 10 ವೋಲ್ಟು ಕೊಟ್ಟರೂ 0.6ರ ಆಸುಪಾಸಿನಲ್ಲಿ ನಿಲ್ಲುವುದು. ಸ್ಟುಡಿಯೋಗಳ ಸಂಕೇತ ಇದಕ್ಕಿಂತ ಬಲವಾದುದರಿಂದ ಅಲ್ಲಿ ಹಲವು ಡಯೋಡುಗಳನ್ನು ಸರಣಿಯಲ್ಲಿ ಪೋಣಿಸಬೇಕಾಗುವುದು.

ಆದರೆ ಅಲೆಯ ಆಕಾರ ಬದಲಾಯಿತೆಂದರೆ ಮೊದಲಿಲ್ಲದ ಕಂಪನಗಳು ಬಂದು ಸೇರಿದುವೆಂದೇ ಅರ್ಥ. ಎರಡು ಪಾರ್ಶ್ವಗಳೂ ಸಮನಾಗಿ ಬಾಗುವುದರಿಂದ ಮೂಲ ಕಂಪನಾಂಕದ 3, 5, 7 ಮಡಿಯವು ಮಾತ್ರ ಹುಟ್ಟುವುವು. 240 ಹರ್ಟ್ಸಿನ ಷಡ್ಜಕ್ಕೆ 720 ಸೇರುವುದು; ಅದು ತಾರಸ್ಥಾಯಿಯ ಪಂಚಮ, ಕಿವಿಗೆ ಹಿತವೇ. ತೊಡಕು ಬರುವುದು ಎರಡು ಸ್ವರಗಳು ಕೂಡಿ ನುಡಿದಾಗ. ಮೋಹನ ರಾಗದಲ್ಲಿ ಶ್ರುತಿಯ ಷಡ್ಜ 240, ಅದರೊಡನೆ ರಿಷಭ 270 ಕೇಳುತ್ತಿರಲಿ. ಆಗ ಒಂದರ ಇಮ್ಮಡಿಯಿಂದ ಇನ್ನೊಂದನ್ನು ಕಳೆದ ಕಂಪನಗಳೂ ಉಂಟಾಗುವುವು. 540ರಿಂದ 240 ಕಳೆದರೆ 300. ಅದು ರಾಗದ ಗಾಂಧಾರವೇ. 480ರಿಂದ 270 ಕಳೆದರೆ 210. ಅದು ಕೈಶಿಕಿ ನಿಷಾದಕ್ಕೆ ಸಮೀಪ, ಆದರೆ ಅದಕ್ಕೂ ತುಸು ಕೆಳಗೆ. ಮೋಹನದಲ್ಲಿ ನಿಷಾದವೇ ಇಲ್ಲ! ವೈಣಿಕರು ಮೀಟದ ಅಪಸ್ವರವನ್ನು ಡಯೋಡುಗಳು ನುಡಿಸಿದಂತಾಯಿತು. ಮೃದಂಗದ ಪೆಟ್ಟಿನ ಕ್ಷಣದಲ್ಲಿ ಮಾತ್ರ ಹೀಗಾದರೆ ಕಿವಿ ಅದನ್ನು ಲೆಕ್ಕಿಸದು. ವೀಣೆಯ ನಾದವೇ ಬಾಗುವಷ್ಟು ಮಟ್ಟ ಏರಿಸಿದರೆ ಅದು ಉದ್ದಕ್ಕೂ ಕಾಡುವುದು.

ಗಟ್ಟಿತನದ ಪೈಪೋಟಿಯಲ್ಲಿ ಈ ಎಚ್ಚರ ತಪ್ಪುವುದುಂಟು. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಹೊರಬಂದಾಗ, ಶಿಖರಗಳನ್ನು ಮಿತಿಮೀರಿ ಒತ್ತಿ ಸಂಗೀತವನ್ನೇ ಕೆಡಿಸಿದ್ದಾರೆಂದು ಅಭಿಮಾನಿಗಳೇ ದೂರಿದರು. ಈಗ ಅಂತರ್ಜಾಲದ ಅನೇಕ ಸಂಗೀತ ಸೇವೆಗಳು ಹಾಡುಗಳ ಗಟ್ಟಿತನವನ್ನು ತಾವೇ ಅಳೆದು ಒಂದು ಮಟ್ಟಕ್ಕೆ ತರುವುದರಿಂದ, ಆ ಪೈಪೋಟಿಗೆ ಅರ್ಥವೂ ಉಳಿದಿಲ್ಲವೆಂದು ನಾವು ಭಾವಿಸುತ್ತೇವೆ.

ಹಾಗಾದರೆ ಎಷ್ಟು ಸವರಬಹುದು? ಒಳಗೆ ಹೋದ ಅಲೆಯಿಂದ ಹೊರಗೆ ಬಂದ ಅಲೆಯನ್ನು ಕಳೆದು, ಉಳಿದ ಶೇಷವನ್ನಷ್ಟೇ ಕೇಳಿ ನೋಡಬೇಕು. ಅದರಲ್ಲಿ ಮೃದಂಗದ ಚಿಟಿಕೆಯಂಥ ಸದ್ದುಗಳು ಮಾತ್ರ ಇದ್ದರೆ ಚಿಂತೆಯಿಲ್ಲ. ವೀಣೆಯ ನಾದವೂ ಕೇಳಿಬಂದರೆ, ಡಯೋಡುಗಳಿಗೆ ಕೊಡುವ ಮಟ್ಟವನ್ನು ಅದು ಮರೆಯಾಗುವವರೆಗೆ ಇಳಿಸಬೇಕು.